ಗುಂಡಿಗೆ ಇಳಿಸಿದ ಕಂದೀಲು

ಪಟಾನ್‌ಚೆರು ಕಡೆಯ ಒಂದು ಕಾರ್ಖಾನೆಯಲ್ಲಿ, ಹುದುಗು ಬರಿಸುವ ತೊಟ್ಟಿಗಳಿಂದ ಏಳುವ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸೋಡಾ ಮಾಡುವವರಿಗೆ ಕಳಿಸುತ್ತಿದ್ದರು. ಅಲ್ಲಿನ ಹಳೆಯ ಆಪರೇಟರು ರಾಯಚೂರು ಕಡೆಯವರು. ಅವರ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸುವುದಿತ್ತು. ಅದಕ್ಕೆ ಪದಪಟ್ಟಿ ಮಾಡಲು ಬೇಗಂಪೇಟೆಯ ಆಫೀಸಿನಿಂದ ನಾನು ಹೋಗಿದ್ದೆ.

"ಕ್ಯಾಪ್ಚರ್ ಅಂದ್ರ ಹಿಡಿಯೋದು. ಸ್ಕ್ರಬ್ಬರ್ ಅಂದ್ರ ತೊಳಿಯೋದು. ಕಂಪ್ರೆಸರ್ ಅಂದ್ರ ಒತ್ತಿ ತುಂಬೋದು," ಎನ್ನುವರು. ಪ್ರತಿ ಪದಕ್ಕೂ ಒಂದೇ ಬಾಲ: "ಬರಕೋ ತಂಗಿ, ವಾಸನಿ ಇಲ್ಲ, ಬಣ್ಣ ಇಲ್ಲ, ತೆಳಗ ಕುಂತಿರ್ತೈತಿ."

ಕೊಳವೆಗಳ ಗುಂಡಿಗೆ ಇಳಿಯುವ ಮುಂಚೆ, ಒಳಗೆ ಉಸಿರಾಡಬಹುದೇ ಎಂದು ತಿಳಿಯಲು, ಹಗ್ಗ ಕಟ್ಟಿದ ಕಂದೀಲನ್ನು ಇಳಿಸುತ್ತಿದ್ದರು. ಒಮ್ಮೆ ನನ್ನ ಕಣ್ಣೆದುರೇ ಅದು ಅರ್ಧದಲ್ಲಿ ನಂದಿತು. ಅವರು ಹಗ್ಗ ಸುತ್ತಿಟ್ಟು, ಯಾರೂ ಇಳಿಯದಂತೆ ಗುಂಡಿಯ ಬಾಯಿಗೆ ಅಡ್ಡ ಕೂತುಬಿಟ್ಟರು.

"ಇದನ್ನೂ ಬರಕೋ."

"ಕಂದೀಲು ಟೆಕ್ನಿಕಲ್ ಪದ ಅಲ್ಲ ಕಾಕಾ," ಎಂದು ನಕ್ಕೆ.

ನನ್ನ ಪಟ್ಟಿಯಿಂದಲೇ ಹೊಸ ಕೈಪಿಡಿ ಅಚ್ಚಾಯಿತು. ಅದರಲ್ಲಿಲ್ಲದ ಸಾಮಾನೆಲ್ಲ ಗುಜರಿಗೆ ಹೋಯಿತು. ಮರುವರ್ಷ ಒಂದು ಮಧ್ಯಾಹ್ನ, ಕಂಪ್ಯೂಟರಿನಲ್ಲಿ ಎಲ್ಲ ಸರಿಯಿದೆ ಎನ್ನುವ ಹಸಿರು ದೀಪ ಉರಿಯುತ್ತಿರುವಾಗ, ಅವರು ಗುಂಡಿಗೆ ಇಳಿದರು. ಮೇಲೆ ಬರಲಿಲ್ಲ.

ಕೈಪಿಡಿ ಇನ್ನೂ ನನ್ನ ಬಳಿ ಇದೆ. ಅವರು ಹೇಳಿದ ಪದಗಳೆಲ್ಲ ಅದರಲ್ಲಿವೆ, ಒಂದನ್ನು ಬಿಟ್ಟು.