ಗಾಳಿಗೆ ಹಾಕಿದ ಹುಟ್ಟು

ಕಳೆದ ವಾರ ಇನ್ವರ್ಟರ್ ನೋಡಲು ಬಂದಾತ ಬ್ಯಾಟರಿಯ ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿ ತೆಗೆದಾಗ, ಮೂಗಿನೊಳಗನ್ನು ಸಣ್ಣಗೆ ಸುಡುವ ಹುಳಿ ವಾಸನೆಯೊಂದು ಕೋಣೆಯಲ್ಲಿ ಹರಡಿತು. ಅಂಬಲಪಾಡಿಯ ಈ ಮನೆಯಲ್ಲಿ ಕುಳಿತಿದ್ದ ನಾನು ಮನಸ್ಸಿನಲ್ಲೇ, ಕಾಪುವಿನ ಕಡಲ ಬದಿಯಲ್ಲಿದ್ದ ನಮ್ಮ ಹಳೆಯ ಮನೆಯ ಪಕ್ಕದ ನೆರೆಮನೆಯ ಜಗಲಿಗೆ ಹೋಗಿಬಿಟ್ಟಿದ್ದೆ. ಅಲ್ಲಿಯೂ ಬೆಂಚಿನ ಅಡಿಯಲ್ಲಿ ಒಂದು ಬ್ಯಾಟರಿ ಇರುತ್ತಿತ್ತು. ಅದಕ್ಕೆ ಕರೆಂಟು ತುಂಬುತ್ತಿದ್ದದ್ದು ಗಾಳಿ...

ಆ ಮನೆಯ ಯಜಮಾನರನ್ನು, ಕ್ರೈಸ್ತ ಗೃಹಸ್ಥರನ್ನು ಕರೆಯುವ ನಮ್ಮ ಕಡೆಯ ವಾಡಿಕೆಯಂತೆ, ನಾವು ಪೊರ್ಬುಗಳು ಎನ್ನುತ್ತಿದ್ದೆವು. ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ಊರಿಗೆ ಮರಳಿದವರು. ಹೆಂಡತಿ ತೀರಿಕೊಂಡಿದ್ದರು, ಮಗಳು ಬೊಂಬಾಯಿಯಲ್ಲಿದ್ದಳು. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ವಿದ್ಯುತ್ ಕಂಬಗಳು ಸಣ್ಣ ಹಳ್ಳದಂಥ ತೋಡಿನ ಆಚೆಗೇ ನಿಂತುಬಿಟ್ಟಿದ್ದವು. ಈಚೆಗಿದ್ದ ಮೂರು ಮನೆಗಳಿಗೆ, ಅಂದರೆ ಪೊರ್ಬುಗಳದಕ್ಕೆ, ನಮ್ಮದಕ್ಕೆ ಮತ್ತು ತೆಂಕುಮನೆಗೆ, ಚಿಮಿಣಿ ದೀಪವೇ ಗತಿ. ಆ ಹೊಗೆಯಲ್ಲಿ ನನ್ನ ತಾಯಿ ಬೀಡಿ ಕಟ್ಟುತ್ತಿದ್ದರು. ಆಗಷ್ಟೇ ಶಾಲೆಗೆ ಟೀಚರಾಗಿ ಸೇರಿದ್ದ ನಾನು ಪಕ್ಕದಲ್ಲಿ ಮಕ್ಕಳ ಕಾಪಿ ತಿದ್ದುತ್ತಿದ್ದೆ.

ಪೊರ್ಬುಗಳು ಬಜಗೋಳಿಯ ಗ್ಯಾರೇಜಿನಿಂದ, ಕುದುರೆಮುಖಕ್ಕೆ ಹೋಗಿಬರುತ್ತಿದ್ದ ಲಾರಿಯೊಂದರ ಹಳೆಯ ಡೈನಮೊ ಮತ್ತು ಬ್ಯಾಟರಿ ತಂದರು. ಗಾಳಿಗೆ ತಿರುಗುವ ಅಲಗುಗಳನ್ನು ಕೆತ್ತಲು ಹೆಜಮಾಡಿಯಲ್ಲಿ ದೋಣಿ ಕಟ್ಟುವ ಆಚಾರಿಗೆ ಹೇಳಿದರು. ಆತ ದೋಣಿಗೆಂದೇ ತಿಳಿದು ಮೂರು ಚಂದದ ಹುಟ್ಟುಗಳನ್ನು ಕೆತ್ತಿಟ್ಟಿದ್ದ. ಅವುಗಳನ್ನು ತುಸು ತಿರುಚಬೇಕೆಂದಾಗ ಮುನಿಸಿಕೊಂಡ.

“ಸೊಟ್ಟ ಹುಟ್ಟು ಹಾಕಿದ್ರೆ ದೋಣಿ ಎಲ್ಲಿಗೆ ಹೋಗ್ತದೆ ಪೊರ್ಬುಗಳೇ? ನನ್ನ ಮರ್ಯಾದೆ ತೆಗೀಬೇಡಿ.”

“ನೀರಿಗಲ್ಲ ಮಾರಾಯ, ಗಾಳಿಗೆ ಹಾಕ್ಲಿಕ್ಕೆ ಉಂಟು.”

ಕಡಲಿಗೆ ಎಲ್ಲಕ್ಕಿಂತ ಹತ್ತಿರವಿದ್ದ ಅವರ ಹಿತ್ತಿಲಿನಲ್ಲಿ ತೆಂಗಿನ ಕಾಂಡವೊಂದನ್ನು ನೆಟ್ಟು, ಅದರ ತುದಿಯಲ್ಲಿ ಆ ತಿರುಚಿದ ಹುಟ್ಟುಗಳ ಚಕ್ರವನ್ನು ಕೂರಿಸಿದರು. ಚಕ್ರಕ್ಕೂ ಡೈನಮೊಗೂ ನಡುವೆ ಸೈಕಲ್ಲಿನ ಚೈನು. ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುವುದು. ಚಕ್ರ ತಿರುಗಿ ಬ್ಯಾಟರಿ ತುಂಬುವುದು. ಸಂಜೆ ಲಾರಿಯ ಎರಡು ಸಣ್ಣ ಬಲ್ಬು ಉರಿಯುವುದು. ಒಂದು ಅವರ ಜಗಲಿಯಲ್ಲಿ, ಇನ್ನೊಂದು, ಯಾರೂ ಕೇಳದೆಯೇ ಬೇಲಿಯ ಮೇಲಿಂದ ತಂತಿ ಎಳೆದು, ನಮ್ಮ ಜಗಲಿಯಲ್ಲಿ. ತಾಯಿ ಅಂದು ಬೀಡಿ ಎಲೆಯ ನರಗಳು ಕಾಣುತ್ತವೆಂದು ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿದ್ದರು...

ತೆಂಕುಮನೆಯ ಯಜಮಾನ ಬೇಲಿಯ ಬಳಿ ನಿಂತು ನಕ್ಕು ಅಂದದ್ದು ನನಗೆ ಅಕ್ಷರಶಃ ನೆನಪಿದೆ.

“ಊರಿನವರು ಕರೆಂಟಲ್ಲಿ ಪಂಕ ತಿರುಗಿಸ್ತಾರೆ. ಇವರು ಪಂಕ ತಿರುಗಿಸಿ ಕರೆಂಟು ಮಾಡ್ತಾರಂತೆ! ಪಂಕದ ಪೊರ್ಬು!”

ಪಂಕವೆಂದರೆ ನಮ್ಮ ಕಡೆ ಫ್ಯಾನು; ಆ ಅಡ್ಡಹೆಸರು ಪೇಟೆಯವರೆಗೂ ಹೋಯಿತು. ಹಾಗೆ ನಕ್ಕಾತನೇ ಕೆಲವು ದಿನಗಳಲ್ಲಿ, ಗಲ್ಫಿನಿಂದ ತಮ್ಮ ಕಳುಹಿಸಿದ ಟೇಪ್ ರೆಕಾರ್ಡರನ್ನು ಹೊತ್ತು ಅದೇ ಜಗಲಿಗೆ ಬಂದ. ಪೊರ್ಬುಗಳು ಅದನ್ನು ಬ್ಯಾಟರಿಗೆ ಜೋಡಿಸಿಕೊಟ್ಟರು. ಅಂದಿನಿಂದ ಆತನ ಸಂಜೆಗಳು ಅಲ್ಲಿಯೇ ಕಳೆದವು.

ಕಂಬಗಳಿಗಾಗಿ ಮೂರೂ ಮನೆಯವರು ಕೊಟ್ಟಿದ್ದ ಅರ್ಜಿಯ ಮೇಲೆ ಕೊನೆಗೊಮ್ಮೆ ಅಧಿಕಾರಿಯೊಬ್ಬರು ಬಂದರು. ಕೊಟ್ಟ ಕುರ್ಚಿಯಲ್ಲಿ ಕೂರಲಿಲ್ಲ. ಕೆತ್ತಿಕೊಟ್ಟ ಎಳನೀರಿನ ಬೊಂಡವನ್ನು ಅರ್ಧ ಕುಡಿದು ನಮ್ಮ ಅಂಗಳದಲ್ಲಿಯೇ ಎಸೆದರು. ತಲೆಯೆತ್ತಿ ಚಕ್ರ ನೋಡಿದರು.

“ನಿಮಗೆ ಬೆಳಕು ಉಂಟಲ್ಲ! ಏನೂ ಇಲ್ಲದವರಿಗೆ ಮೊದಲು ಕೊಡ್ಬೇಕಲ್ವಾ?”

ಈ ಕರೆಂಟಿನಿಂದ ಬಾವಿಯ ನೀರು ಎತ್ತಲಾಗದು, ಗಾಳಿ ನಿಂತರೆ ಎರಡನೆಯ ದಿನಕ್ಕೆ ಬಲ್ಬೂ ಕೆಂಪಾಗುತ್ತದೆ ಎಂದು ಪೊರ್ಬುಗಳು ತಮ್ಮ ಎಚ್ಚರಿಕೆಯ ಕನ್ನಡದಲ್ಲಿ ವಿವರಿಸತೊಡಗಿದರು. ವಾಕ್ಯ ಮುಗಿಯುವ ಮೊದಲೇ ಅಧಿಕಾರಿ ತೋಡು ದಾಟಿದ್ದರು.

ಮರುದಿನ ತೆಂಕುಮನೆಯಾತ ನಮ್ಮ ಅಂಗಳಕ್ಕೇ ಬಂದು ಕೂಗಾಡಿದ.

“ಈ ಪಂಕದಿಂದ ನಮ್ಮ ಕಂಬ ಹೋಯ್ತು! ಅದನ್ನು ಇಳಿಸ್ಲಿಕ್ಕೆ ಹೇಳಿ!”

“ನಿನ್ನ ಟೇಪ್ ರೆಕಾರ್ಡರ್ ಇಷ್ಟು ದಿನ ಎಂತದ್ರಲ್ಲಿ ಹಾಡಿದ್ದು ಮಾರಾಯ?” ಎಂದರು ತಾಯಿ, ಬೀಡಿಯಿಂದ ಕಣ್ಣೆತ್ತದೆ.

ಪೊರ್ಬುಗಳು ಬೇಲಿಯ ಆಚೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮರುದಿನ ಬೆಳಿಗ್ಗೆ, ಗಾಳಿ ಏಳುವ ಮೊದಲು, ಏಣಿಯಿಟ್ಟು ಹತ್ತಿ ಅಲಗುಗಳನ್ನು ಬಿಚ್ಚತೊಡಗಿದರು. ತಾಯಿ ಓಡಿಹೋದರು.

“ಯಾಕೆ ಪೊರ್ಬುಗಳೇ? ನಮಗೆ ಇಷ್ಟೇ ಸಾಕಿತ್ತು.”

“ಇದಕ್ಕೆ ತಿಂಗಳಿಗೊಮ್ಮೆ ಮೇಲೆ ಹತ್ತಿ, ಎಣ್ಣೆ ಬಿಡ್ಬೇಕು ಅಕ್ಕ. ನನ್ನ ನಂತರ ಯಾರು ಹತ್ತುವುದು? ನೀವಾ?” ಎಂದು ಮೇಲಿನಿಂದಲೇ ನಕ್ಕರು. “ಕಂಬ ಬರ್ಲಿ.”

ಒಂದು ಮಳೆಗಾಲವನ್ನು ನಾವು ಮತ್ತೆ ಚಿಮಿಣಿಯಲ್ಲಿ ಕಳೆದೆವು. ಅನಂತರ ಕಂಬಗಳು ಬಂದವು. ದೀಪ ಹತ್ತಿದ ದಿನ ತೆಂಕುಮನೆಯಾತ ಲಾಡು ಹಂಚಿ, ಎಲ್ಲವೂ ತನ್ನ ಓಡಾಟದಿಂದಾಯಿತೆಂದು ಪ್ರತಿಯೊಬ್ಬರಿಗೂ ಹೇಳಿದ. ಪೊರ್ಬುಗಳ ಹೆಸರನ್ನು ಎತ್ತಲಿಲ್ಲ. ಅವರೂ ಒಂದು ಲಾಡು ತಿಂದು, ಚೆನ್ನಾಗಿದೆ ಎಂದರು. ಆ ಸೌಜನ್ಯವನ್ನು ನಾನು ಇಂದಿಗೂ ಒಪ್ಪಲಾರೆ.

ಆಷಾಢದ ಗಾಳಿಗೆ ತಂತಿ ಕಡಿದು ದಿನಗಟ್ಟಲೆ ಕರೆಂಟು ಹೋಗುತ್ತಿತ್ತು. ಆಗ ಪೊರ್ಬುಗಳು ಜಗಲಿಯಲ್ಲಿ ಕುಳಿತು ಬೋಳು ಕಾಂಡವನ್ನು ನೋಡುತ್ತಿದ್ದರು. “ಎಷ್ಟು ಗಾಳಿ ದಂಡ ಆಯ್ತು ನೋಡು, ಟೀಚರ್,” ಎಂದು ನನ್ನೊಡನೆ ಒಮ್ಮೆ ಮಾತ್ರ ಅಂದರು. ದೂರೆಂದು ಅವರ ಬಾಯಿಯಿಂದ ಕೇಳಿದ್ದು ಅಷ್ಟೇ... ಎಂಬತ್ತರ ದಶಕದ ನಡುವಿನಲ್ಲಿ ಮಗಳು ಅವರನ್ನು ಬೊಂಬಾಯಿಗೆ ಕರೆದೊಯ್ದಳು. ಅಲ್ಲಿಯೇ ತೀರಿಕೊಂಡರು.

ಈಚೆಗೆ ತೆಂಕುಮನೆಯ ಮೊಮ್ಮಗ ಕಾಪುವಿನ ಆ ಮನೆಯ ಜಾಗದಲ್ಲಿ ಹೋಂ ಸ್ಟೇ ಕಟ್ಟಿಸಿ ನನ್ನನ್ನೂ ಉದ್ಘಾಟನೆಗೆ ಕರೆದಿದ್ದ. ಮೈಕಿನ ಮುಂದೆ ನಿಂತು, “ಈ ಜಾಗಕ್ಕೆ ಮೊದಲು ಬೆಳಕು ತಂದವರು ನಮ್ಮ ಅಜ್ಜ,” ಎಂದ. ನಾನು ಕುಳಿತಲ್ಲಿಂದಲೇ, “ಮೊದಲಲ್ಲ,” ಎಂದೆ. ಕೆಲವರು ತಿರುಗಿ ನೋಡಿದರು. ಆಮೇಲೆ ಆತ ನನ್ನ ಬಳಿ ಬಂದು ಪಕ್ಕದಲ್ಲಿ ಕುಳಿತ. ಹುಡುಗ ಒಳ್ಳೆಯವನು. ಎಲ್ಲವನ್ನೂ ಹೇಳಿದೆ. ಕೊನೆಯವರೆಗೂ ಕೇಳಿದ.

“ಆ ಚಕ್ರ ಎಲ್ಲಿ ಇತ್ತು ಟೀಚರ್? ಅಲ್ಲಿ ಒಂದು ಬೋರ್ಡಾದ್ರೂ ಹಾಕುವ.”

ನಾನು ಅವನನ್ನು ಹೊರಗೆ ಕರೆದುಕೊಂಡು ಹೋಗಿ ಕೈ ತೋರಿಸಿದೆ. ಕಡಲ್ಕೊರೆತಕ್ಕೆ ಹಾಕಿದ ಕಲ್ಲುಗಳ ಆಚೆ, ಅಲೆಗಳು ಒಡೆಯುವಲ್ಲಿಂದ ತುಸು ಮುಂದೆ, ನೀರಿನಲ್ಲಿ.