ಮುರಿದದ್ದನ್ನು ತನ್ನಿ ಎಂದ ಮುನಶಿ

ಮುನಶಿಯವರ ಎಡಗೈ ಹೆಬ್ಬೆರಳಿನ ಉಗುರು ಉಳಿದವುಗಳಿಗಿಂತ ಉದ್ದವಾಗಿತ್ತು. ಗ್ರೀಸು ಕುಡಿದು ಎಮ್ಮೆಯ ಕೊಂಬಿನಂತೆ ಕಪ್ಪಾಗಿತ್ತು. ಹೊಸ ಬೇರಿಂಗು ಬಂದರೆ ಪೊಟ್ಟಣ ಬಿಚ್ಚಿ, ಆ ಉಗುರನ್ನು ಅದರ ಅಂಚಿನ ಸುತ್ತ ಎಳೆಯುತ್ತಿದ್ದರು. ಉಗುರು ಎಲ್ಲಾದರೂ ತಡೆದರೆ ಮೂಸಿ ನೋಡುತ್ತಿದ್ದರು. ಕಂಪನಿಯ ಮುದ್ರೆ ಓದುವುದು ಎಲ್ಲಕ್ಕಿಂತ ಕೊನೆಗೆ.

ಹೈದರಾಬಾದ್ ಸಂಸ್ಥಾನದ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದು ನಾಲ್ಕೈದು ವರ್ಷಗಳಾಗಿದ್ದವು. ಲಿಂಗಸುಗೂರಿನ ಒಂದು ಲಾರಿ ಏಜೆನ್ಸಿಯಲ್ಲಿ ನಾನು ಪತ್ರ ಬರೆಯುವ ಗುಮಾಸ್ತ. ಅವರು ಬಿಡಿಭಾಗಗಳ ಸ್ಟೋರಿನ ಮುನಶಿ. ಹಣೆಗೆ ವಿಭೂತಿ, ಉಡಿದಾರಕ್ಕೆ ಸ್ಟೋರಿನ ಕೀಲಿ. ಮನೆ ಮಸ್ಕಿಯಲ್ಲಿತ್ತು. ಯಾರನ್ನೂ ನಂಬದ ಮನುಷ್ಯ ಎಂದು ಎಲ್ಲರೂ ಹೇಳುತ್ತಿದ್ದರು. ಮುರಿದ ಸಾಮಾನು ತಂದು ತೋರಿಸದವರಿಗೆ ಅವರು ಹೊಸದನ್ನು ಕೊಡುತ್ತಿರಲಿಲ್ಲ.

ಒಮ್ಮೆ ಕಾಲುವೆ ಕೆಲಸದ ಡ್ರೈವರನೊಬ್ಬ ಬರಿಗೈಯಲ್ಲಿ ಬಂದ. ಅವನಿಗೆ ಬೇಕಿದ್ದುದು ಕಮಾನು, ಗಾಲಿಯ ಮೇಲೆ ಲಾರಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿ.

"ಮುನಶಿಯವರ, ಮುಂದಿನ ಕಮಾನು ಮುರದೈತ್ರಿ. ಲಗೂನ ಒಂದು ಕೊಡ್ರಿ."

"ಮುರದದ್ದು ಎಲ್ಲೈತಿ?"

"ಗಾಡ್ಯಾಗ ಐತ್ರಿ. ನನ್ನ ಮಾತಿನ ಮ್ಯಾಲ ನಂಬಿಕಿ ಇಲ್ಲೇನ್ರಿ?"

"ನಿನ್ನ ಹೆಂಡತಿಗರ ಐತೇನು? ಹೋಗಿ ತೊಗೊಂಬಾ."

ತಂದ ತುಂಡಿನ ಮೇಲೆ, ಅದು ಮುರಿದ ಜಾಗದ ಹೆಸರನ್ನು ಸೀಮೆಸುಣ್ಣದಲ್ಲಿ ಬರೆದು ಗೋಡೆಗೆ ಆನಿಸಿಡುತ್ತಿದ್ದರು: ಮಸ್ಕಿ ಹಳ್ಳ, ಜವಳಗೇರಾ, ಸಿಂಧನೂರು ಕ್ಯಾಂಪು. ಮುಂದೆ ಯಾವ ಸಾಮಾನು ಎಷ್ಟು ತರಿಸಬೇಕೆಂದು ಆ ಗೋಡೆಯನ್ನು ನೋಡಿ ಹೇಳುತ್ತಿದ್ದರು.

ಆ ವರ್ಷ ಹೊಸ ಮಾದರಿಯ ಲಾರಿಗಳು ಬರುವುದಿತ್ತು. ಕಾಲುವೆ ಗುತ್ತಿಗೆದಾರರು ಆಗಲೇ ಹೆಸರು ಬರೆಸಿದ್ದರು. ಯಾವ ಬಿಡಿಭಾಗಗಳನ್ನು ಮೊದಲೇ ತರಿಸಿಟ್ಟುಕೊಳ್ಳಬೇಕೆಂದು ಕಂಪನಿಯಿಂದ ಪಟ್ಟಿ ಬಂತು. ಅದರಲ್ಲಿ ಮುಂದಿನ ಕಮಾನು ಇರಲಿಲ್ಲ. ಹಳೆಯ ಮಾದರಿಯದೇ ಹೊಂದುತ್ತದೆ ಎಂದು ಕೆಳಗೆ ಬರೆದಿತ್ತು.

"ಹೊಂದಂಗಿಲ್ರಿ ಸಾವ್ಕಾರ್ರ," ಎಂದರು ಮುನಶಿ. "ಹೊಸಾ ಕಮಾನು ಬ್ಯಾರೇನ ತರಸ್ರಿ."

ಏಜೆನ್ಸಿಯ ಸಾಹುಕಾರರು ನಕ್ಕರು. "ಕಂಪನಿಯವ್ರಿಗೆ ಗೊತ್ತಿಲ್ಲದ್ದು ನಿಮಗ ಹ್ಯಾಂಗ ಗೊತ್ತಾತು?"

"ಕಣ್ಣಾರೆ ನೋಡೀನ್ರಿ."

"ಎಲ್ಲಿ?"

"ಅದನ್ನ ಕೇಳಬ್ಯಾಡ್ರಿ."

ಸಾಹುಕಾರರ ನಗು ಅಲ್ಲಿಗೇ ನಿಂತಿತು. ಆ ಸಂಜೆ ನನ್ನನ್ನು ಕರೆದು, "ಆ ಮುನಶಿ ರಜಾ ದಿವಸ ಚೀಲ ತುಂಬಕೊಂಡು ಬಸ್ ಹತ್ತತಾನಂತ. ಎಲ್ಲಿಗೆ ಒಯ್ತಾನ ನೋಡು," ಎಂದರು.

ನೋಡಿದೆ. ಮುಂದಿನ ರಜಾ ದಿನ ಅವರು ಕಬ್ಬಿಣ ಖಣಗುಡುವ ಭಾರದ ಗೋಣಿಚೀಲ ಹೊತ್ತು ಸಿಂಧನೂರಿನ ಬಸ್ಸು ಹತ್ತಿದರು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಮಸ್ಕಿ ಬಂದರೂ ಮನೆಗೆ ಇಳಿಯಲಿಲ್ಲ. ಸಿಂಧನೂರಿನಲ್ಲಿ ಇಳಿದು ಕಾಲುವೆಯ ಕಡೆಗೆ ನಡೆದರು. ಉರಿಬಿಸಿಲು. ನಾನು ಬಸ್ ನಿಲ್ದಾಣದ ಹೋಟೆಲಿನಲ್ಲಿ ಚಹಾ ಹೇಳಿ ಕೂತೆ. ಮೂರು ತಾಸಿನ ಮೇಲೆ ತಿರುಗಿ ಬಂದರು. ಚೀಲ ಖಾಲಿಯಾಗಿ, ಮಡಚಿ ಕಂಕುಳಲ್ಲಿತ್ತು.

ಸಾಹುಕಾರರಿಗೆ ಹೀಗೆ ಹೇಳಿದೆ: ಹೋಗುವಾಗ ಚೀಲದಲ್ಲಿ ಕಬ್ಬಿಣದ ಸಾಮಾನಿತ್ತು, ಬರುವಾಗ ಏನೂ ಇರಲಿಲ್ಲ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಸಾಹುಕಾರರು ಕೀಲಿ ಕೇಳಿದರು. "ಯಾವ ಅಂಗಡಿಗೆ ಮಾರಿದ್ರಿ?" ಎಂಬ ಪ್ರಶ್ನೆಗೆ ಮುನಶಿ, "ಮಾರಿಲ್ರಿ," ಎಂದಷ್ಟೇ ಹೇಳಿ, ಉಡಿದಾರದಿಂದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟರು. ಹೊಸ ಮಾದರಿಯ ಬಿಡಿಭಾಗಗಳಿಗೆ ಕಂಪನಿಯ ಪಟ್ಟಿಯಂತೆಯೇ ಬೇಡಿಕೆ ಹೋಯಿತು. ಬರೆದವನು ನಾನೇ.

ಲಾರಿಗಳು ಬಂದವು. ಎರಡು ತಿಂಗಳೊಳಗೆ ನಾಲ್ಕು ಲಾರಿಗಳ ಮುಂದಿನ ಕಮಾನುಗಳು ಮುರಿದವು. ನಮ್ಮ ಸ್ಟೋರಿನಲ್ಲಿದ್ದ ಹಳೆಯ ಕಮಾನು ಒಂದಕ್ಕೂ ಕೂಡಲಿಲ್ಲ; ಬೋಲ್ಟಿನ ತೂತೇ ಬೇರೆ ಕಡೆ ಇತ್ತು. ಲಾರಿಗಳು ಕಲ್ಲು ಹೊತ್ತು ನಿಂತಲ್ಲೇ ನಿಂತವು. ಕಲ್ಲು ಇಳಿಸುವ ಕೂಲಿಗಳು ಕೆಲಸವಿಲ್ಲದೆ ಕಾಲುವೆಯ ದಂಡೆಯ ಮೇಲೆ ಕೂತರು. ಸಾಹುಕಾರರು ಕೀಲಿಯನ್ನು ನನ್ನ ಕೈಗೆ ಕೊಟ್ಟು ಮಸ್ಕಿಗೆ ಕಳಿಸಿದರು.

ಮುನಶಿ ಮನೆಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ಸಾಹುಕಾರರಿಗೆ ಏನು ಹೇಳಿದ್ದೆನೋ ಅದನ್ನು ಅವರೆದುರು ನಾನಾಗಿಯೇ ಒಪ್ಪಿಕೊಂಡೆ.

"ಗೊತ್ತೈತಿ," ಎಂದರು. "ಹೋಟೆಲದಾಗ ನಿಮ್ಮ ಟೊಪಗಿ ಕಂಡಿತ್ತು. ಚಾ ಆರತೈತಂತ ಕರೀಲಿಲ್ಲ."

ಆಮೇಲೆ ಹೇಳಿದರು. ಹೈದರಾಬಾದಿನಿಂದ ಹೊಸ ಮಾದರಿಯ ಎರಡು ಲಾರಿಗಳು ಒಬ್ಬ ಗುತ್ತಿಗೆದಾರನ ಕ್ಯಾಂಪಿಗೆ ಮೊದಲೇ ಬಂದಿದ್ದವು. ಹೊರಗಿನವರನ್ನು ಅಲ್ಲಿ ಬಿಡುತ್ತಿರಲಿಲ್ಲ. ಕ್ಯಾಂಪಿನ ಕಮ್ಮಾರನಿಗೆ ಹಾರೆ ಬಡಿಯಲು ಸ್ಟೋರಿನ ಗೋಡೆಗಿದ್ದ ಮುರಿದ ಕಮಾನುಗಳನ್ನು ರಜೆಗೊಮ್ಮೆ ಕೊಟ್ಟು, ಅವನ ದಾಕ್ಷಿಣ್ಯದಿಂದ ಒಳಗೆ ಹೋಗಿ, ಮೊದಲ ಸಲ ಕಣ್ಣಿನಿಂದ ನೋಡಿ, ನಾನು ಹಿಂಬಾಲಿಸಿದ ದಿನ ಲಾರಿಯಡಿ ಮಲಗಿ ಅಳತೆ ತಂದಿದ್ದರು.

"ಇದನ್ನ ಅವತ್ತ ಯಾಕ ಹೇಳಲಿಲ್ರೀ?"

"ಹೇಳಿದ್ರ ಸಾವ್ಕಾರ್ರು ಕ್ಯಾಂಪಿಗೆ ಮನುಷ್ಯಾನ್ನ ಕಳಸ್ತಿದ್ರು. ಕಮ್ಮಾರನ ಕೂಲಿ ಹೋಗತಿತ್ತು. ಈಗ ಅಂವಾ ಊರು ಬಿಟ್ಟಾನ, ಅದಕ್ಕ ಹೇಳಾಕತ್ತೀನಿ." ಇನ್ನೊಂದು ಶೇಂಗಾ ಸುಲಿದು ಕೇಳಿದರು: "ಚೀಲ ಖಾಲಿ ಆದದ್ದು ನೋಡಿದ್ರಿ. ಎಲ್ಲಿ ಖಾಲಿ ಆತು ಅಂತ ಯಾಕ ನೋಡಲಿಲ್ರೀ?"

ಅವತ್ತು ನಾನು ಬಿಸಿಲಿಗೆ ಹೆದರಿದ್ದೆ. ಸಾಹುಕಾರರು ಕೊಟ್ಟ ಕೀಲಿಯನ್ನು ಕಟ್ಟೆಯ ಮೇಲಿಟ್ಟೆ.

ಕೀಲಿಯನ್ನು ಅವರು ಮುಟ್ಟಲಿಲ್ಲ. ಒಳಗಿನಿಂದ ಒಂದು ಚೀಟಿ ತಂದುಕೊಟ್ಟರು. ಅದರಲ್ಲಿ ಹೊಸ ಕಮಾನಿನ ಉದ್ದ, ಅಗಲ, ತೂತಿನ ಅಂತರ ಇದ್ದವು. "ಇದರ ಮ್ಯಾಲೂ ಭರೋಸಾ ಇಡಬ್ಯಾಡ್ರಿ. ಮುರದದ್ದು ಒಂದು ತಂದು ಅಳದು ನೋಡ್ರಿ," ಎಂದರು. ಅಳೆದು ನೋಡಿದೆವು. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

ರಾಜ್ಯಗಳ ಪುನರ್ವಿಂಗಡಣೆಯಾದ ವರ್ಷ ಅವರು ತೀರಿಕೊಂಡರು. ಆ ಹೊತ್ತಿಗೆ ನಾನು ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವ ಕೆಲಸಕ್ಕೆ ಸೇರಿದ್ದೆ. ಮಸ್ಕಿಯ ಹಳೆಯ ಸ್ಟೋರ್ ಮುನಶಿ ನಿಧನರಾದರೆಂದು ಎರಡು ಸಾಲು ಬರೆದೆ. ಅವರು ಏಜೆನ್ಸಿ ಬಿಟ್ಟದ್ದೇಕೆ ಎಂಬುದನ್ನು ಬರೆಯಲಿಲ್ಲ. ಬರೆದಿದ್ದರೆ ಅದರಲ್ಲಿ ನನ್ನ ಪಾಲನ್ನೂ ಬರೆಯಬೇಕಾಗುತ್ತಿತ್ತು. ಈಗ ಬರೆದಿದ್ದೇನೆ.