ಎರಡು ಕುರ್ಚಿಗಳಿಗೆ ಕಟ್ಟಿದ ಶಾಲು

ಮೂಡುಬಿದಿರೆಯ ಮೈದಾನದ ವೇದಿಕೆಯಲ್ಲಿ ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ ಗಾಯಕ ಮೈಕನ್ನು ಬಾಯಿಯಿಂದ ಕೆಳಗಿಳಿಸಿದ. ಹಾಡು ನಿಲ್ಲಲಿಲ್ಲ. ಅವನದೇ ದನಿ ಇನ್ನೊಂದು ಸಾಲು ಹಾಡಿ ಮುಗಿಸಿತು. ಮಾವ ಇನ್ನೂ ಬರಲಿಲ್ಲವಲ್ಲ ಎಂದು ಆಗತಾನೇ ಫೋನಿನಲ್ಲಿ ಸಮಯ ನೋಡಿದ್ದರಿಂದ ನಿಮಿಷವೂ ನೆನಪಿದೆ.

ಪ್ರೇಮದ ನಿಧಾನ ಹಾಡುಗಳಿಗೆ ಹೆಸರಾದ ಆ ಗಾಯಕನೆಂದರೆ ನನ್ನ ತಂಗಿಗೆ ಜೀವ. ಅವನ ಹಾಡಿಲ್ಲದೆ ತಲೆ ಬಾಚಿಕೊಂಡವಳಲ್ಲ. ಬಂಟ್ವಾಳದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಸೋದರಮಾವನಿಗೆ ಮಾತ್ರ ಅವನ ಮೇಲೆ ಮೊದಲಿಂದಲೂ ಅನುಮಾನ.

“ಇವರೆಲ್ಲ ಹಾಡುದಿಲ್ಲ ಮಾರಾಯ್ತಿ. ರೆಕಾರ್ಡು ಹಾಕಿ ಬಾಯಿ ಆಡಿಸುದು. ನಮ್ಮ ಯಕ್ಷಗಾನದ ಭಾಗವತರನ್ನು ನೋಡು, ಬೆಳಗಿನವರೆಗೆ ಹಾಡಿದ್ರೂ ಗಂಟಲು ಅವರದ್ದೇ.”

“ಹಾಗಾದ್ರೆ ನೀವು ಮೂಡುಬಿದಿರೆಗೆ ಯಾಕೆ ಬರುದು ಮಾವ?” ಎಂದು ತಂಗಿ ಕೇಳಿದ್ದಳು.

“ಕಳ್ಳನನ್ನು ಹಿಡಿಲಿಕ್ಕೆ.”

ಬಸ್ಸಿನ ಕಿಟಕಿಯಿಂದ ಕರವಸ್ತ್ರ ಎಸೆದರೆ ಆ ಸೀಟು ನಮ್ಮದು. ಯಕ್ಷಗಾನಕ್ಕೆ ಹೋದರೆ ಕುರ್ಚಿಯ ಮೇಲೆ ಟವೆಲ್. ನಮ್ಮ ಕಡೆ ಯಾರೂ ಇದನ್ನು ಪ್ರಶ್ನಿಸುವುದಿಲ್ಲ. ಆದರೆ ಆ ದಿನ ಮೈದಾನದಲ್ಲಿ ಕುರ್ಚಿಯನ್ನೇ ಎತ್ತಿಕೊಂಡು ಹೋಗುವವರಿದ್ದರು. ಹಾಗಾಗಿ ಮಾವ, ಅತ್ತೆಗೆಂದು ಹಿಡಿದ ಎರಡು ಕುರ್ಚಿಗಳ ಕೈಗಳನ್ನು ನನ್ನ ಚೂಡಿದಾರದ ಹಸಿರು ಶಾಲಿನಿಂದ ಬಿಗಿದು, ಉಳಿದ ತುದಿಯನ್ನು ಬದಿಯ ಬಿದಿರಿನ ಕಂಬಕ್ಕೆ ಕಟ್ಟಿದೆ. ಕುರ್ಚಿಗೂ ಕಂಬಕ್ಕೂ ನಡುವೆ ಒಬ್ಬರು ನುಸುಳುವಷ್ಟು ದಾರಿಯಿತ್ತು. ಅದು ಮುಚ್ಚಿಹೋಯಿತು. ಜಾಣತನ ಮಾಡಿದೆ ಎಂದುಕೊಂಡೆ.

“ರೆಕಾರ್ಡು! ರೆಕಾರ್ಡು!” ಗಾಯಕನ ಮೈಕ್ ಇಳಿದದ್ದೇ ಹಿಂದಿನಿಂದ ಯಾರೋ ಕೂಗಿದರು. ನಗು, ಶಿಳ್ಳೆ. ಅವನ ತುಟಿ ಆಡುತ್ತದೋ ಇಲ್ಲವೋ ನೋಡಲು ಜನ ಕುರ್ಚಿ ಹತ್ತಿದರು. ಹಿಂದಿನವರು ಫೋನ್ ಎತ್ತಿ ಹಿಡಿದು ಮುಂದಕ್ಕೆ ನುಗ್ಗಿದರು. “ನಡಿ, ಬದಿಗೆ ಹೋಗುವ” ಎಂದು ತಂಗಿಯನ್ನು ಆ ಕಂಬದ ಕಡೆಗೇ ತಳ್ಳಿದವಳು ನಾನು. ಶಾಲು ಅವಳ ಮೊಣಕಾಲಿಗೆ ಸಿಕ್ಕಿತು. ಅವಳು ಬಿದ್ದಳು, ಮೇಲೆ ಕುರ್ಚಿಗಳು ಬಿದ್ದವು, ಕುರ್ಚಿಗಳ ಮೇಲೆ ಜನ. ನನಗೆ ಕಂಡದ್ದು ಅವಳ ಒಂದು ಕೈ ಮಾತ್ರ. ಗಂಟು ಬಿಚ್ಚಲು ಹೋದೆ; ಜಗ್ಗಾಟಕ್ಕೆ ಅದು ಕಲ್ಲಾಗಿತ್ತು.

ಆಗ ವಾದ್ಯಗಳು ನಿಂತವು. “ಹಿಂದೆ ಸರಿಯಿರಿ, ಕೆಳಗೆ ಯಾರೋ ಬಿದ್ದಿದ್ದಾರೆ, ಹಿಂದೆ ಸರಿಯಿರಿ” ಎಂದು ಗಾಯಕ ಮೈಕಿನಲ್ಲಿ ಹೇಳಿದ. ಜನ ಸರಿಯುವವರೆಗೂ ಹೇಳುತ್ತಲೇ ಇದ್ದ. ದನಿ ಒಡೆದಿತ್ತು, ಒರಟಾಗಿತ್ತು. ಪಕ್ಕದವರು ಎರಡೂ ಕುರ್ಚಿಗಳನ್ನು ಕಂಬದ ಸಮೇತ ಕಿತ್ತು ಎತ್ತಿದಾಗ ತಂಗಿ ಕೆಮ್ಮಿದಳು. ಆ ಕೆಮ್ಮಿಗೂ ಮೊದಲಿನ ಕ್ಷಣ ನನ್ನೊಳಗೆ ಈಗಲೂ ಮುಗಿದಿಲ್ಲ.

ಅವಳ ಮಣಿಕಟ್ಟು ಮುರಿದಿತ್ತು. ಬೆಳ್ತಂಗಡಿಯ ನಮ್ಮ ಮನೆಗೆ ನೋಡಲು ಬಂದವರೆಲ್ಲ ಗಾಯಕನನ್ನು ಬೈದರು. ಅವನು ಸರಿಯಾಗಿ ಹಾಡಿದ್ದರೆ ಜನ ಏಳುತ್ತಿರಲಿಲ್ಲವಂತೆ. “ಹೌದು, ಅವನಿಂದಲೇ” ಎಂದು ನಾನೂ ಸೇರಿಸುತ್ತಿದ್ದೆ. ಶಾಲು ಎಲ್ಲಿ ಎಂದು ಅಮ್ಮ ಕೇಳಿದರೆ “ಗಲಾಟೆಯಲ್ಲಿ ಹೋಯ್ತು” ಎಂದೆ. ತಂಗಿ ಅವನ ಹಾಡುಗಳನ್ನೆಲ್ಲ ಫೋನಿನಿಂದ ಅಳಿಸಿದಳು. ನಿದ್ದೆಯಲ್ಲಿ ಬೆಚ್ಚಿ ಏಳುತ್ತಿದ್ದಳು. ನಾನು ಅದಾಗಲೇ ಎಚ್ಚರವಿರುತ್ತಿದ್ದೆ. ಇವಳಿಗೆ ಗೊತ್ತಿದೆಯೇ? ಮಾವ ಗಾಯಕರ ತುಟಿ ನೋಡುವ ಹಾಗೆ ನಾನು ಅವಳ ಮುಖ ನೋಡುತ್ತಿದ್ದೆ.

ಪ್ಲಾಸ್ಟರ್ ಬಿಚ್ಚಿಸಿದ ದಿನ ಮಧ್ಯಾಹ್ನ ಮಾವ ಬಂದರು. “ಆ ಕಳ್ಳನ ಮೇಲೆ ಕೇಸು ಹಾಕ್ಬೇಕು” ಎಂದರು. ತಂಗಿ ಎದ್ದು ಒಳಗೆ ಹೊರಟಳು. ಅವಳು ಬಾಗಿಲು ದಾಟುವ ಮೊದಲೇ ನನ್ನ ಬಾಯಿಂದ ಬಂತು:

“ಮಾವ, ಅವಳು ಬಿದ್ದದ್ದು ನನ್ನ ಶಾಲಿಗೆ ಸಿಕ್ಕಿ. ಕುರ್ಚಿಗಳನ್ನು ಕಂಬಕ್ಕೆ ಕಟ್ಟಿದ್ದು ನಾನು.”

ಮಾವ ಚಹಾದ ಲೋಟ ಕೆಳಗಿಟ್ಟರು. “ನಮಗೆ ಸೀಟು ಹಿಡಿಲಿಕ್ಕಾ?”

“ಹೌದು.”

“ನನಗೆ ಗೊತ್ತುಂಟು” ಎಂದಳು ತಂಗಿ. “ಬೀಳುವಾಗ ಹಸಿರು ಕಂಡಿತ್ತು.”

“ಮತ್ತೆ ಎಂತಕ್ಕೆ ಹೇಳ್ಲಿಲ್ಲ?” ಎಂದೆ.

“ನೀನು ಎಷ್ಟು ದಿನ ತಪ್ಪನ್ನು ಅವನ ಮೇಲೆ ಹಾಕ್ತೀ ಅಂತ ನೋಡ್ತಾ ಇದ್ದೆ. ಹಾಡು ಅಳಿಸಿದ್ದು ಅವನ ಮೇಲಿನ ಸಿಟ್ಟಿಗಲ್ಲ ಅಕ್ಕ. ಹಾಡು ಹಾಕಿದ್ರೆ ನೀನು ಅವನಿಗೆ ಬೈಯುದು ಕೇಳ್ಬೇಕಲ್ಲ.”

ಅವಳು ಎಡಗೈಯಿಂದ ಫೋನಿನಲ್ಲಿ ಹುಡುಕಿ ಹಾಡು ಹಾಕಿದಳು. ಮಾವ ಫೋನಿನತ್ತ ಕಿವಿ ಬಾಗಿಸಿದರು.

“ಇದೂ ರೆಕಾರ್ಡೇ.”

“ಫೋನಲ್ಲಿ ಮತ್ತೆಂತ ಮಾವ? ನಿಮಗೋಸ್ಕರ ಅವನೇ ಬಂದು ಹಾಡ್ಬೇಕಾ?”

ಆ ಸಂಜೆ ಅವನು ನಿಜವಾಗಿ ಎಷ್ಟು ಹಾಡಿದನೋ ನನಗೆ ಈಗಲೂ ಅನುಮಾನವಿದೆ. “ಹಿಂದೆ ಸರಿಯಿರಿ” ಎಂದ ಆ ಒಡೆದ ದನಿಯ ಬಗ್ಗೆ ಮಾತ್ರ ಇಲ್ಲ. ಮಾವ ಬಂದುಹೋದ ರಾತ್ರಿ ತಂಗಿ ಒಮ್ಮೆಯೂ ಬೆಚ್ಚಲಿಲ್ಲವಂತೆ. ನೋಡಲು ನಾನು ಎಚ್ಚರವಿರಲಿಲ್ಲ. ಅಮ್ಮ ಬಂದು ಎಬ್ಬಿಸಿದಾಗ ಅವಳ ಕಾಲೇಜಿನ ಬಸ್ಸೂ ನನ್ನ ಆಫೀಸಿನ ಬಸ್ಸೂ ಹೋಗಿಯಾಗಿತ್ತು.